ಹನ್ನೊಂದು ಗಂಟೆಗೆ ನಿಲ್ಲುತ್ತಿದ್ದ ಕಾರುಗಳು

ನಮ್ಮ ದೊಡ್ಡಮ್ಮ ಇಪ್ಪತ್ತಾರು ವರ್ಷ ಊರಿನವರ ಕಿವಿ ನೋಡಿಕೊಂಡವಳು. ಹಾಗಂತ ಡಾಕ್ಟರೇನಲ್ಲ. ಕಿವಿ ಮಷೀನ್ ಮಾರುವ ಅಂಗಡಿಯೊಂದರಲ್ಲಿ ರಿಪೇರಿಯ ಮೇಜು ಅವಳದು. ಗಾಜಿನ ಕೌಂಟರಿನ ಹಿಂದೆ ಒಂದು ಕುರ್ಚಿ, ಕತ್ತು ಬಗ್ಗಿಸಿದ ದೀಪ, ಒಂದೇ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ, ಕಾಳಿನಷ್ಟು ಚಿಕ್ಕ ಬ್ಯಾಟರಿಗಳ ಡಬ್ಬಿ. ಬೆಳಿಗ್ಗೆ ಒಂಬತ್ತೂವರೆಗೆ ಕೂತರೆ ಊಟದ ಹೊತ್ತಿಗೇ ತಲೆ ಎತ್ತುವುದು.

ಅಂಗಡಿಗೆ ಬಂದವರೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು: "ಮಷೀನ್ ಕೆಟ್ಟೋಗಿದೆ." ಅವರಲ್ಲಿ ಅರ್ಧ ಜನ ಬ್ಯಾಟರಿಯನ್ನು ತಲೆಕೆಳಗಾಗಿ ಹಾಕಿಕೊಂಡಿರುತ್ತಿದ್ದರು. ಉಳಿದರ್ಧ ಜನರ ಮಷೀನಿನ ತೂತಿಗೆ ಕಿವಿಯ ಗುಗ್ಗೆ ಮೆತ್ತಿಕೊಂಡಿರುತ್ತಿತ್ತು. ತಪ್ಪು ನಿಮ್ಮದೇ ಅಂತ ದೊಡ್ಡಮ್ಮ ಒಬ್ಬರಿಗೂ ಹೇಳಿದವಳಲ್ಲ. "ಬ್ಯಾಟರಿಗೆ ಸ್ವಲ್ಪ ಮುನಿಸು ಬಂದಿತ್ತು, ಸಮಾಧಾನ ಮಾಡಿದೀನಿ, ಹಾಕ್ಕೊಳ್ಳಿ" ಅನ್ನುತ್ತಿದ್ದಳು. ಆಮೇಲಾಮೇಲೆ ಫೋನಿನ ಜೊತೆ ವೈರಿಲ್ಲದೆ ಮಾತಾಡುವ ಹೊಸ ಮಷೀನುಗಳು ಬಂದವು. ಅವನ್ನೂ ಕಲಿತಳು. ಫೋನನ್ನು ಪ್ಯಾಂಟಿನ ಹಿಂದಿನ ಜೇಬಿನಲ್ಲಿಟ್ಟು ಅದರ ಮೇಲೇ ಕೂತರೆ ಕಿವಿಯಲ್ಲಿ ಹಾಡು ಕಡಿಕಡಿದು ಬರುತ್ತದೆ, ಎದೆಯ ಜೇಬಿಗೆ ಹಾಕಿದರೆ ಸರಿಹೋಗುತ್ತದೆ ಅನ್ನುವುದನ್ನು ಯಾವ ಪುಸ್ತಕವೂ ಅವಳಿಗೆ ಹೇಳಿಕೊಡಲಿಲ್ಲ. ದಿನಾ ನೋಡಿ ನೋಡಿ ತಿಳಿದುಕೊಂಡದ್ದು.

ಅಂಗಡಿಯ ಯಜಮಾನರಿಗೆ ವಯಸ್ಸಾಗಿ ಬಾಗಿಲು ಮುಚ್ಚಿದಾಗ ದೊಡ್ಡಮ್ಮನಿಗೆ ಐವತ್ನಾಲ್ಕು. ಮನೆಗೆ ಬಂದು ಕೂತ ಮೊದಲ ವಾರವೇ ಗೋಡೆ ಗಡಿಯಾರ ಬಿಚ್ಚಿದಳು. ಎರಡನೇ ವಾರ ಕಾಲಿಂಗ್ ಬೆಲ್ಲು, ಟೀವಿ ರಿಮೋಟು, ಮಿಕ್ಸಿ. ಎಲ್ಲವೂ ಮೊದಲೇ ಚೆನ್ನಾಗಿ ಓಡುತ್ತಿದ್ದವು, ಬಿಚ್ಚಿ ಜೋಡಿಸಿದ ಮೇಲೂ ಚೆನ್ನಾಗಿಯೇ ಓಡಿದವು. ದೊಡ್ಡಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಈ ಮನೇಲಿ ಇನ್ನು ಬಿಚ್ಚೋದಕ್ಕೆ ಉಳಿದಿರೋನು ನಾನೊಬ್ಬನೇ" ಅಂದರು.

ಆ ಮಾತು ಆಡಿ ಮೂರು ತಿಂಗಳಿಗೆ ದೊಡ್ಡಪ್ಪನಿಗೆ ಪಾರ್ಶ್ವವಾಯು ಬಡಿಯಿತು. ಜೀವಕ್ಕೇನೂ ಆಗಲಿಲ್ಲ, ಮಾತೂ ಹೋಗಲಿಲ್ಲ. ಬಲಗೈ ಮಾತ್ರ ಹೇಳಿದ ಮಾತು ಕೇಳುವುದನ್ನು ಬಿಟ್ಟಿತು. ದೊಡ್ಡಪ್ಪ ನಲ್ಲಿ, ಪೈಪು ರಿಪೇರಿಯವರು. ಎಲ್ಲೆಲ್ಲಿ ಸೋರುತ್ತಿತ್ತೋ ಅಲ್ಲೆಲ್ಲ ಸ್ಪ್ಯಾನರ್ ಹಿಡಿದು ಬಿಗಿಮಾಡಿದ ಕೈ. ಅದೇ ಕೈಗೆ ಈಗ ಬಚ್ಚಲಮನೆಯ ನಲ್ಲಿ ತಿರುಗಿಸಲು ಆಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಫಿಸಿಯೋ ಮೇಡಂ ಒಂದು ಮೆತ್ತನೆಯ ಚೆಂಡು ಕೊಟ್ಟು, ದಿನಕ್ಕೆ ಇನ್ನೂರು ಸಲ ಅದುಮಬೇಕು ಅಂದರು. ದೊಡ್ಡಪ್ಪ ಹನ್ನೆರಡು ಸಲ ಅದುಮಿ ಚೆಂಡನ್ನು ಮಂಚದ ಕೆಳಗೆ ಉರುಳಿಸಿಬಿಟ್ಟರು.

"ನಾನೇನು ಹಸುಗೂಸಾ, ಚೆಂಡು ಇಟ್ಕೊಂಡು ಆಡೋಕೆ?"

ಅವರಿಗೆ ಉಪಕಾರವಾದದ್ದು ಮೊಮ್ಮಗಳಿಂದ. ಹತ್ತು ವರ್ಷದ ಅವಳ ಹತ್ತಿರ ಕೈಯಲ್ಲಿ ಹಿಡಿದು ಆಡುವ ಒಂದು ಗೇಮ್ ಮಷೀನ್ ಇತ್ತು. ಅದರಲ್ಲೊಂದು ಕಾರ್ ರೇಸು. ರಜೆಗೆ ಬಂದವಳು ಅಜ್ಜನ ಪಕ್ಕದಲ್ಲಿ ಕೂತು ಆಡುತ್ತಿದ್ದಳು. ಒಂದು ತಿರುವಿನಲ್ಲಿ ಅವಳ ಕಾರು ಪದೇ ಪದೇ ಕೆರೆಗೆ ಬೀಳುವುದನ್ನು ನೋಡಿ ತಡೆಯಲಾರದೆ ದೊಡ್ಡಪ್ಪ, "ಕೊಡೇ ಇಲ್ಲಿ, ಬ್ರೇಕು ಯಾವಾಗ ಹಾಕಬೇಕು ಅಂತ ತೋರಿಸ್ತೀನಿ" ಅಂದರು. ಮಷೀನು ಅವರ ಕೈಗೆ ಭಾರವಾಯಿತು, ಗುಂಡಿಗಳು ಚಿಕ್ಕವಾದವು. ಆದರೆ ಅದರ ಜೊತೆ ವೈರಿಲ್ಲದ ಬೇರೆ ಕಂಟ್ರೋಲರ್ ಇತ್ತು. ಪರದೆಯನ್ನು ಸ್ಟ್ಯಾಂಡಿಗೆ ಒರಗಿಸಿ ಮೇಜಿನ ಮೇಲಿಟ್ಟು, ಎರಡು ಕೈಯಲ್ಲಿ ಕಂಟ್ರೋಲರ್ ಹಿಡಿದು ಆರಾಮಾಗಿ ಆಡಬಹುದು. ಚೆಂಡನ್ನು ಹನ್ನೆರಡು ಸಲಕ್ಕಿಂತ ಹೆಚ್ಚು ಅದುಮದ ಮನುಷ್ಯ ಅವತ್ತು ಒಂದೂವರೆ ಗಂಟೆ ಬಲಗೈ ಹೆಬ್ಬೆರಳು ಆಡಿಸಿದರು. ಅಂದರೆ ಆಡಿಸಲು ನೋಡಿದರು. ಯಾಕೆಂದರೆ ನಲವತ್ತು ನಿಮಿಷಕ್ಕೆ ಕಂಟ್ರೋಲರ್ ಚಾರ್ಜು ಮುಗಿದು ಸತ್ತುಹೋಗುತ್ತಿತ್ತು. ಬದುಕಿರುವಾಗಲೂ ಸರಿಯಾಗಿ ತಿರುವಿನಲ್ಲೇ ಸಂಪರ್ಕ ಕಡಿದು, ಕಾರು ನೆಟ್ಟಗೆ ಕೆರೆಗೆ ಹೋಗುತ್ತಿತ್ತು.

"ನಾನು ತಿರುಗಿಸ್ದೆ! ಆಣೆಗೂ ತಿರುಗಿಸ್ದೆ!" ಅಂತ ದೊಡ್ಡಪ್ಪ ಕೂಗಿದ್ದು ಪಕ್ಕದ ಮನೆಯವರಿಗೂ ಕೇಳಿಸಿತು.

ದೊಡ್ಡಮ್ಮ ಒಗೆದ ಬಟ್ಟೆಯನ್ನು ಕುರ್ಚಿಯ ಮೇಲೆ ಹಾಕಿ ಬಂದಳು. "ಕೊಡ್ರಿ ಇಲ್ಲಿ" ಅಂದಳು. ಆ ದನಿಯಲ್ಲಿ ಇದ್ದದ್ದು ಕರುಣೆಯಲ್ಲ, ಹಸಿವು ಅಂತ ದೊಡ್ಡಪ್ಪ ಈಗಲೂ ಹೇಳುತ್ತಾರೆ.

ಹಿಂಭಾಗದ ನಾಲ್ಕು ಸ್ಕ್ರೂ ಬಿಚ್ಚಿದರೆ ಒಳಗಿನ ಬ್ಯಾಟರಿ ದಿಂಬಿನ ಹಾಗೆ ಉಬ್ಬಿಕೊಂಡಿತ್ತು. ಅದನ್ನು ಮುಟ್ಟಿದ ಕೂಡಲೇ ಮೊಮ್ಮಗಳನ್ನು ದೂರ ಕಳಿಸಿ, ಚಿಮುಟದಲ್ಲಿ ಮೆಲ್ಲಗೆ ಬಿಡಿಸಿ, ಒಂದು ತಗಡಿನ ಡಬ್ಬಿಯಲ್ಲಿ ಮರಳು ತುಂಬಿ ಅದರೊಳಗೆ ಇಟ್ಟಳು. ಮರುದಿನ ಬಜಾರಿಗೆ ಹೋಗಿ ಅದೇ ಅಳತೆಯ ಮೂರು ಬ್ಯಾಟರಿ ತಂದಳು. ಮೂರರ ಮೇಲೂ ಬರೆದಿದ್ದ ಶಕ್ತಿ ಒಂದೇ. ಅಡುಗೆಮನೆಯ ತಕ್ಕಡಿಯಲ್ಲಿಟ್ಟು ನೋಡಿದರೆ ಒಂದರ ತೂಕ ಉಳಿದ ಒಂದೊಂದರ ಅರ್ಧದಷ್ಟೇ. "ಇದು ಬರೀ ಬಡಾಯಿ ಬ್ಯಾಟರಿ" ಅಂತ ಅದನ್ನು ವಾಪಸ್ ಕೊಟ್ಟು ಬಂದಳು. ಒಳ್ಳೆಯದನ್ನು ಹಾಕಿದ ಮೇಲೆ ಕಂಟ್ರೋಲರ್ ಐದು ಗಂಟೆ ಓಡಿತು. ಗುದ್ದಿದಾಗೆಲ್ಲ ಕೈಯಲ್ಲಿ ಗುರ್ರೆಂದು ನಡುಗುವ ಮೋಟಾರನ್ನು ಬಂದ್ ಮಾಡಿದ ಮೇಲೆ ಏಳು ಗಂಟೆ.

ಆದರೂ ತಿರುವಿನಲ್ಲಿ ಸಂಪರ್ಕ ಕಡಿಯುವುದು ನಿಲ್ಲಲಿಲ್ಲ. ದೊಡ್ಡಮ್ಮ ಗಂಡನ ಕೈಯನ್ನೇ ನೋಡುತ್ತ ಕೂತಳು. ಬಲಕ್ಕೆ ತಿರುಗಿಸುವಾಗ ದೊಡ್ಡಪ್ಪ ಶಕ್ತಿ ಸಾಲದೆ ಇಡೀ ಅಂಗೈಯನ್ನು ಕಂಟ್ರೋಲರಿನ ಮೇಲಂಚಿಗೆ ಒತ್ತುತ್ತಿದ್ದರು. ಪರದೆಗೆ ಸುದ್ದಿ ಮುಟ್ಟಿಸುವ ರೇಡಿಯೋ ಅಲೆ ಹೊರಗೆ ಹೋಗುವ ಜಾಗ ಅದೇ. ಅದು ಸಾಲದೆಂಬಂತೆ ಮೊಮ್ಮಗಳು ಅದೇ ಜಾಗದಲ್ಲಿ ಫಳಫಳ ಹೊಳೆಯುವ ನಕ್ಷತ್ರದ ಸ್ಟಿಕ್ಕರ್ ಅಂಟಿಸಿದ್ದಳು, ಬೆಳ್ಳಿ ಹಾಳೆಯದು.

"ನೋಡಿ, ನಮ್ಮ ಮೈಯೆಲ್ಲ ಅರ್ಧಕ್ಕಿಂತ ಜಾಸ್ತಿ ನೀರು. ಈ ಅಲೆಗೆ ನೀರು ಅಂದ್ರೆ ಗೋಡೆ ಇದ್ದ ಹಾಗೆ. ಬೆಳ್ಳಿ ಹಾಳೆ ಅಂದ್ರೆ ಇನ್ನೂ ದೊಡ್ಡ ಗೋಡೆ. ಪಾಪ, ನಿಮ್ಮ ಕಾರಿಗೆ ನೀವು ಹೇಳಿದ್ದು ಕೇಳಿಸ್ತಾನೇ ಇರ್ಲಿಲ್ಲ."

ಸ್ಟಿಕ್ಕರ್ ಕಿತ್ತು ಮೊಮ್ಮಗಳ ಪೆನ್ಸಿಲ್ ಡಬ್ಬಿಗೆ ಅಂಟಿಸಿದಳು. ಕಂಟ್ರೋಲರಿನ ಹಿಡಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿ ದಪ್ಪ ಮಾಡಿದಳು, ಅಂಗೈ ತಾನಾಗಿಯೇ ಕೆಳಗೆ ಕೂರುವ ಹಾಗೆ. ಅವತ್ತು ದೊಡ್ಡಪ್ಪನ ಕಾರು ಮೊದಲ ಸಲ ಕೆರೆ ದಾಟಿತು. ರಜೆ ಮುಗಿದು ಹೊರಟಾಗ ಮೊಮ್ಮಗಳು ಮಷೀನನ್ನು ಅಜ್ಜನಿಗೇ ಬಿಟ್ಟುಹೋದಳು. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ದೊಡ್ಡಮ್ಮ ಬಚ್ಚಲಮನೆಗೆ ಹೋದರೆ ನಲ್ಲಿ ತಿರುಗಿಸಲು ಅವಳಿಂದಾಗಲಿಲ್ಲ. ದೊಡ್ಡಪ್ಪ ಬಲಗೈಯಲ್ಲಿ ಅಷ್ಟು ಬಿಗಿಮಾಡಿ ಬಂದಿದ್ದರು. ಅವಳು ಅಲ್ಲೇ ಬೋರಲು ಹಾಕಿದ ಬಕೀಟಿನ ಮೇಲೆ ಕೂತು ಅತ್ತಳಂತೆ. ಆಮೇಲೆ ಹೊರಗೆ ಬಂದು, "ಇಷ್ಟು ಬಿಗಿ ಮಾಡಿದ್ರೆ ವಾಷರ್ ಹಾಳಾಗಲ್ವೇನ್ರೀ?" ಅಂತ ಬೈದಳು.

ವಿಷಯ ಫಿಸಿಯೋ ಮೇಡಂ ಕಿವಿಗೆ ಬಿತ್ತು. ಆಸ್ಪತ್ರೆಯ ವ್ಯಾಯಾಮದ ಹಾಲಿಗೆ ಯಾರೋ ಪುಣ್ಯಾತ್ಮರು ಇಂಥವೇ ಆರು ಹಳೆಯ ಗೇಮ್ ಮಷೀನುಗಳನ್ನೂ ಒಂದು ರಟ್ಟಿನ ಪೆಟ್ಟಿಗೆ ತುಂಬ ಕಂಟ್ರೋಲರು, ಚಾರ್ಜರು, ಸ್ಟ್ಯಾಂಡುಗಳನ್ನೂ ದಾನ ಕೊಟ್ಟಿದ್ದರು. ಯಾವುದು ಯಾವುದಕ್ಕೆ ಸೇರಿದ್ದು ಅಂತ ಗೊತ್ತಾಗದೆ ಪೆಟ್ಟಿಗೆ ಬೀರುವಿನ ಮೇಲೆ ಧೂಳು ತಿನ್ನುತ್ತಿತ್ತು. "ಅಮ್ಮಾ, ಒಂದ್ಸಲ ಬಂದು ನೋಡ್ತೀರಾ?" ಅಂತ ಮೇಡಂ ಕೇಳಿದರು. ದೊಡ್ಡಮ್ಮ ಮರುದಿನವೇ ಭೂತಗನ್ನಡಿ ಚೀಲಕ್ಕೆ ಹಾಕಿಕೊಂಡು ಹೊರಟಳು. ಒಂದು ತಿಂಗಳು ದಿನಾ ಬೆಳಿಗ್ಗೆ ಹಾಲಿನ ಮೂಲೆಯಲ್ಲಿ ಕೂತು ಬ್ಯಾಟರಿ ಬದಲಿಸಿದಳು, ಚಾರ್ಜರಿನ ಮುಳ್ಳುಗಳ ಕಿಲುಬು ಉಜ್ಜಿದಳು, ಗುಂಡಿಗಳ ಕೆಳಗಿನ ಬಿಸ್ಕತ್ತಿನ ಪುಡಿ ಕೊಡವಿದಳು. ಆರರಲ್ಲಿ ಐದು ಎದ್ದು ಕೂತವು. ಆರನೆಯದರ ಒಡಲು ಬಿಚ್ಚಿ ಉಳಿದ ಐದಕ್ಕೆ ಬಿಡಿಭಾಗ ಮಾಡಿಕೊಂಡಳು.

ಐದೂ ಪರದೆಗಳನ್ನು ಒಂದೇ ರೇಸಿಗೆ ಸೇರಿಸಿದ್ದ ಮೊದಲ ದಿನದ ಆಟ ನೋಡುವಂತಿತ್ತಂತೆ. ಮೇಜಿನ ತುದಿಯಲ್ಲಿ ನಿವೃತ್ತ ಟೀಚರಮ್ಮ, ಅವರ ಪಕ್ಕ ಬಸ್ ಡ್ರೈವರು. ಇಬ್ಬರಿಗೂ ಬೆರಳು ಸರಿಯಾಗಬೇಕಿತ್ತು. ಟೀಚರಮ್ಮ ಜೀವಮಾನದಲ್ಲಿ ಸೈಕಲ್ಲೂ ತುಳಿದವರಲ್ಲ, ಆದರೆ ಅವರ ಕಾರು ಎಲ್ಲರನ್ನೂ ಹಿಂದೆ ಹಾಕಿ ಹಾರುತ್ತಿತ್ತು. ಡ್ರೈವರಿನ ಕಾರು ಹಿಂದೆ ಮುಂದೆ ಹೋಗಿ ಗೋಡೆಗೆ ಗುದ್ದುತ್ತಿತ್ತು.

"ಮೂವತ್ತು ವರ್ಷ ಸ್ಟೇರಿಂಗ್ ಹಿಡಿದಿದೀನಿ" ಅಂದನು ಡ್ರೈವರು, ಮುಖ ಕೆಂಪಗೆ ಮಾಡಿಕೊಂಡು. "ಒಂದು ನಾಯಿಮರಿಗೂ ತಾಗಿಸಿದೋನಲ್ಲ. ಇವತ್ತು ಮರ್ಯಾದೆ ಹೋಯ್ತು."

"ಗಮನ ಇಟ್ಟು ಓಡಿಸ್ಬೇಕಪ್ಪಾ" ಅಂದರು ಟೀಚರಮ್ಮ, ಪಾಠ ಹೇಳುವ ದನಿಯಲ್ಲಿ.

ದೊಡ್ಡಮ್ಮನಿಗೆ ಅನುಮಾನ ಬಂತು. "ಟೀಚರಮ್ಮಾ, ಒಂದು ನಿಮಿಷ ಕೈ ಮೇಲೆತ್ತಿ" ಅಂದಳು. ಟೀಚರಮ್ಮ ಎರಡೂ ಕೈ ಎತ್ತಿದರು. ಅವರ ಕಾರು ಯಾರ ಹಂಗೂ ಇಲ್ಲದೆ ಇನ್ನಿಬ್ಬರನ್ನು ದಾಟಿ ಮುಂದೆ ಹೋಯಿತು. ಡ್ರೈವರಿನ ಕೈಯಲ್ಲಿದ್ದ ಕಂಟ್ರೋಲರ್ ಟೀಚರಮ್ಮನ ಪರದೆಗೆ ಜೋಡಿಯಾಗಿತ್ತು, ಟೀಚರಮ್ಮನದು ಡ್ರೈವರಿನ ಪರದೆಗೆ.

ಟೀಚರಮ್ಮ ಕೈ ಕೆಳಗಿಳಿಸಿ ಡ್ರೈವರಿನ ಪರದೆಯ ಕಡೆ ಬಗ್ಗಿ ನೋಡಿದರು. "ಅಂದ್ರೆ ಇಷ್ಟು ಹೊತ್ತು ಗೋಡೆಗೆ ಗುದ್ದಿದ್ದು ನಾನಾ?"

ಹಾಲಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಲಿಗೆ ಭಾರ ಕಟ್ಟಿಕೊಂಡು ಮಲಗಿದ್ದವರೊಬ್ಬರು ನಗುವ ಭರದಲ್ಲಿ ಕಾಲನ್ನು ಎಂದಿಗಿಂತ ಎತ್ತರಕ್ಕೆ ಎತ್ತಿಬಿಟ್ಟರಂತೆ. ಮರುದಿನ ದೊಡ್ಡಮ್ಮ ಐದು ಬಣ್ಣದ ಉಲ್ಲನ್ ದಾರ ತಂದು ಒಂದೊಂದು ಪರದೆಗೂ ಅದರ ಕಂಟ್ರೋಲರಿಗೂ ಒಂದೇ ಬಣ್ಣ ಕಟ್ಟಿದಳು. ಆಮೇಲೆ ಯಾರ ಕಾರನ್ನೂ ಇನ್ನೊಬ್ಬರು ಓಡಿಸಲಿಲ್ಲ.

ತೊಂದರೆ ಬಂದದ್ದು ಮೂರು ವಾರದ ನಂತರ. ಆಟ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ, ಮೊದಲ ಒಂದು ಗಂಟೆ ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ಹನ್ನೊಂದು ಗಂಟೆ ಆಗುತ್ತಿದ್ದಂತೆ ಐದೂ ಕಂಟ್ರೋಲರುಗಳ ಸಂಪರ್ಕ ಒಟ್ಟಿಗೇ ಕಡಿಯುತ್ತಿತ್ತು. ಎರಡು ಮೂರು ನಿಮಿಷ ಸತ್ತಂತಿದ್ದು ಮತ್ತೆ ಬದುಕುವುದು, ಮತ್ತೆ ಸಾಯುವುದು. ಹನ್ನೊಂದೂವರೆಗೆ ಮತ್ತೆ ಏನೂ ಆಗದವರ ಹಾಗೆ ಎಲ್ಲ ನೆಟ್ಟಗೆ. ಮೊದಮೊದಲು ಎಲ್ಲರೂ ನಕ್ಕರು, ಆಮೇಲೆ ಬೇಸರಪಟ್ಟರು. ಕೈ ಅಲುಗಾಡಿಸಲು ಶುರುಮಾಡಿದ ಒಬ್ಬ ರೋಗಿ, ತಪ್ಪೆಲ್ಲ ತನ್ನ ಕೈಯದೇ ಅಂದುಕೊಂಡು ಹಾಲಿಗೆ ಬರುವುದನ್ನೇ ಬಿಟ್ಟ. ದೊಡ್ಡಮ್ಮನಿಗೆ ಚುಚ್ಚಿದ್ದು ಅದೇ.

ಆಸ್ಪತ್ರೆಯ ಮ್ಯಾನೇಜರ್ ಸಾಹೇಬರು ಒಂದು ದಿನ ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು. ಕೆಟ್ಟವರಲ್ಲ, ಆದರೆ ಹಳೇ ಸಾಮಾನು ಕಂಡರಾಗದು.

"ಅಮ್ಮಾ, ನಿಮ್ಮ ಶ್ರಮ ದೊಡ್ಡದು. ಆದ್ರೆ ಇವು ಮುದಿ ಆಗಿವೆ. ಗುಜರಿಗೆ ಹಾಕೋಣ. ಜನರಿಗೆ ಚೆಂಡೇ ಸಾಕು."

"ಮುದಿ ಆಗಿದ್ರೆ ಒಂದೊಂದು ಒಂದೊಂದು ಹೊತ್ತಿಗೆ ಕೆಡಬೇಕು ಸಾರ್" ಅಂದಳು ದೊಡ್ಡಮ್ಮ. "ಐದೂ ಸೇರ್ಕೊಂಡು ಹನ್ನೊಂದು ಗಂಟೆಗೇ ಕೆಡೋಕೆ ಇವೇನು ಮುಷ್ಕರ ಮಾಡ್ತಿವೆಯಾ? ನಾಳೆ ಒಂದು ದಿನ ಕೊಡಿ."

ಆ ಮರುದಿನ ನಾನೂ ಅಲ್ಲಿದ್ದೆ. ದೊಡ್ಡಪ್ಪನನ್ನು ಕರೆದುಕೊಂಡು ಹೋಗುವ ಸರದಿ ನನ್ನದಾಗಿತ್ತು. ದೊಡ್ಡಮ್ಮ ಅವತ್ತು ಒಂದು ಸ್ಕ್ರೂ ಕೂಡ ಮುಟ್ಟಲಿಲ್ಲ. ಫೋನನ್ನು ಆಟದ ಮೇಜಿನ ಮೇಲೆ ಬಿಟ್ಟು, ವೈರಿಲ್ಲದ ಇಯರ್‌ಫೋನನ್ನು ಕಿವಿಗೆ ಸಿಕ್ಕಿಸಿ, ಹಾಡು ಹಾಕಿಕೊಂಡು, ಕಣ್ಣು ಅರ್ಧ ಮುಚ್ಚಿ ಕೂತಳು. ಹನ್ನೊಂದು ಹೊಡೆದು ನಾಲ್ಕು ನಿಮಿಷ ಆಗಿತ್ತು, ಟೀಚರಮ್ಮನ ಕಾರು ನಿಂತಿತು. ಅದೇ ಗಳಿಗೆಯಲ್ಲಿ ದೊಡ್ಡಮ್ಮ ಎದ್ದಳು.

"ಹಾಡು ಕಡೀತಿದೆ" ಅಂದಳು.

ಕಿವಿಗೆ ಬೆರಳು ಒತ್ತಿಕೊಂಡು ನಡೆಯತೊಡಗಿದಳು. ಕಿಟಕಿಯ ಕಡೆ ಹೋದಳು, ತಲೆಯಾಡಿಸಿ ಹಿಂದಿರುಗಿದಳು. ಬಾಗಿಲ ಕಡೆ ಹೋದಳು, ಅಲ್ಲೂ ಹಾಡು ಹೆಚ್ಚು ಕಡಿಯಲಿಲ್ಲ. ಬಣ್ಣ ಕಿತ್ತ ಎಡಗೋಡೆಯ ಉದ್ದಕ್ಕೂ ಒಂದೊಂದೇ ಹೆಜ್ಜೆ ಇಟ್ಟಳು. ಹಾಲಿನಲ್ಲಿದ್ದವರೆಲ್ಲ ವ್ಯಾಯಾಮ ಬಿಟ್ಟು ಅವಳನ್ನೇ ನೋಡುತ್ತಿದ್ದರು. ದೊಡ್ಡಪ್ಪ ನನ್ನ ಕಡೆ ಬಾಗಿ, "ಪೈಪು ಎಲ್ಲಿ ಸೋರ್ತಿದೆ ಅಂತ ನಾನೂ ಹೀಗೇ ಗೋಡೆಗೆ ಕಿವಿ ಕೊಟ್ಟು ಕೇಳ್ತಿದ್ದೆ. ನನ್ನಿಂದ ಕಲ್ತಿದಾಳೆ" ಅಂದರು. ಮೂಲೆಗೆ ಬಂದ ಕೂಡಲೇ ದೊಡ್ಡಮ್ಮ ನಿಂತಳು. ಹಾಡು ಪೂರ್ತಿ ಹೋಗಿತ್ತು. ಆ ಮೂಲೆಯ ಪಕ್ಕದಲ್ಲೇ ಒಂದು ಚಿಕ್ಕ ಬಾಗಿಲು. ತಟ್ಟದೇ ತಳ್ಳಿದಳು. ನಾನು ಹಿಂದೆಯೇ ಹೋದೆ.

ಅದು ನರ್ಸುಗಳು ಊಟ ಮಾಡುವ ಕೋಣೆ. ಗೋಡೆಗೆ ಅಂಟಿಕೊಂಡಂತೆ ಒಂದು ಹಳೆಯ ಮೈಕ್ರೋವೇವ್ ಓವನ್, ಅದರ ಸಡಿಲವಾದ ಬಾಗಿಲಿಗೆ ಗಾಯಕ್ಕೆ ಹಾಕುವ ಬಿಳಿ ಪಟ್ಟಿ ಸುತ್ತಿತ್ತು. ಒಳಗೆ ಒಂದು ಗಾಜಿನ ಊಟದ ಡಬ್ಬಿ ಗಿರಗಿರ ತಿರುಗುತ್ತಿತ್ತು, ಇನ್ನೂ ನಾಲ್ಕು ಪಕ್ಕದಲ್ಲಿ ಸರದಿ ಕಾಯುತ್ತಿದ್ದವು. ಹೆಡ್ ನರ್ಸ್ ಚಮಚ ಹಿಡಿದು ಕಾಯುತ್ತ ನಿಂತಿದ್ದರು.

"ಏನಮ್ಮಾ, ಯಾರಿಗಾದ್ರೂ ಏನಾದ್ರೂ ಆಯ್ತಾ?" ಅಂತ ಗಾಬರಿಯಾದರು.

"ಏನೂ ಆಗಿಲ್ಲ ಸಿಸ್ಟರ್. ಅದನ್ನ ಸ್ವಲ್ಪ ನಿಲ್ಲಿಸಿ." ಹೆಡ್ ನರ್ಸ್ ಗುಂಡಿ ಒತ್ತಿದರು. "ಹಾಡು ಬಂತು" ಅಂದಳು ದೊಡ್ಡಮ್ಮ. ಗೋಡೆಯ ಆಚೆಯಿಂದ ಬಸ್ ಡ್ರೈವರಿನ ಕೂಗು: "ಹೊರಡ್ತು!" ದೊಡ್ಡಮ್ಮ ತಾನೇ ಓವನ್ ಶುರು ಮಾಡಿದಳು. "ನಿಂತೋಯ್ತು!" ಅಂತ ಆಚೆಯಿಂದ ಕೂಗು. ನಿಲ್ಲಿಸಿದಳು. "ಹೊರಡ್ತು!" ಐದಾರು ಸಲ ಹೀಗೇ ಮಾಡಿದಳು. ಎರಡೇ ಸಲ ಸಾಕಿತ್ತು. ಆದರೆ ಆ ಖುಷಿಯನ್ನು ಅವಳು ಅಷ್ಟು ಬೇಗ ಬಿಟ್ಟುಕೊಡಲು ತಯಾರಿರಲಿಲ್ಲ.

ಊಟ ಬಿಸಿ ಮಾಡುವ ಅಲೆಯೂ ಕಂಟ್ರೋಲರಿನ ಅಲೆಯೂ ಹೆಚ್ಚುಕಡಿಮೆ ಒಂದೇ ಜಾತಿಯವು. ಒಂದು ಪಿಸುಗುಟ್ಟುತ್ತದೆ, ಇನ್ನೊಂದು ಅರಚುತ್ತದೆ. ಬಾಗಿಲು ಸಡಿಲವಾದರೆ ಅರಚಾಟ ಹೊರಗೆ ಬರುತ್ತದೆ, ಪಿಸುಮಾತು ಕೇಳಿಸುವುದಿಲ್ಲ. ದೊಡ್ಡಮ್ಮ ಇಷ್ಟನ್ನು ಹೆಡ್ ನರ್ಸಿಗೆ ವಿವರಿಸುವ ಹೊತ್ತಿಗೆ ಗದ್ದಲ ಕೇಳಿ ಮ್ಯಾನೇಜರ್ ಸಾಹೇಬರೂ ಬಂದರು.

"ಇದು ಮೊದಲು ಹೀಗಿರ್ಲಿಲ್ಲ" ಅಂದರು ಹೆಡ್ ನರ್ಸ್. "ಬಾಗಿಲಿನ ಕೊಂಡಿ ಮುರಿದು ಒಂದು ವಾರ ಆಯ್ತು."

"ಊಟದ ಹೊತ್ತಿಗೆ ಇನ್ನೂ ಎರಡು ಗಂಟೆ ಇದೆ. ಹನ್ನೊಂದಕ್ಕೇ ಯಾರ ಡಬ್ಬಿಗಳು ಇವು?" ಅಂತ ದೊಡ್ಡಮ್ಮ ಕೇಳಿದಳು. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಹೆಡ್ ನರ್ಸ್ ನೆಲ ನೋಡಿದರು. ಮ್ಯಾನೇಜರ್ ಸಾಹೇಬರು ಸೂರು ನೋಡಿದರು. ಆಮೇಲೆ ಕೆಮ್ಮಿ, "ನನಗೆ ಸಕ್ಕರೆ ಕಾಯಿಲೆ. ಡಾಕ್ಟ್ರು ಹೊತ್ತುಹೊತ್ತಿಗೆ ಸ್ವಲ್ಪ ಸ್ವಲ್ಪ ತಿನ್ನೋಕೆ ಹೇಳಿದಾರೆ" ಅಂದರು. ನಗಬಾರದು ಅಂತ ನಾನು ತುಟಿ ಕಚ್ಚಿಕೊಂಡೆ. ಮೊದಲು ನಕ್ಕವರು ಸಾಹೇಬರೇ. ನಕ್ಕು, ಓವನ್ನಿನ ಪ್ಲಗ್ಗನ್ನು ತಾವೇ ಕಿತ್ತರು. ಅಂಥ ಬಾಗಿಲಿನ ಓವನ್ ಇಟ್ಟುಕೊಳ್ಳುವುದು ಮನುಷ್ಯರಿಗೂ ಒಳ್ಳೆಯದಲ್ಲ ಅಂತ ದೊಡ್ಡಮ್ಮ ಹೇಳಿದ್ದಕ್ಕೆ ಅದನ್ನು ಅವತ್ತೇ ಹೊರಗೆ ಸಾಗಿಸಿದರು. ಹೊಸದು ಬಂದಾಗ ಅದನ್ನು ಮಹಡಿಯ ಮೇಲಿನ ಕೋಣೆಗೆ ಹಾಕಿಸಿದರು. ಆಟದ ಮೇಜು ಕಿಟಕಿಯ ಪಕ್ಕಕ್ಕೆ ಹೋಯಿತು.

ಹಾಲಿಗೆ ಬರುವುದನ್ನು ಬಿಟ್ಟಿದ್ದ ರೋಗಿಯ ಮನೆಗೆ ಅದೇ ಸಂಜೆ ಫಿಸಿಯೋ ಮೇಡಂ ಫೋನ್ ಮಾಡಿ, "ತಪ್ಪು ನಿಮ್ಮ ಕೈಯದಲ್ಲ, ಸಾಹೇಬರ ಊಟದ್ದು" ಅಂದರು. ಅವನು ಮರುದಿನ ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದ.

ಈಗ ದೊಡ್ಡಮ್ಮ ವಾರಕ್ಕೆ ಮೂರು ದಿನ ಆಸ್ಪತ್ರೆಯ ರಿಪೇರಿ ಕೆಲಸದವಳು. ಬೀರುವಿನ ಒಂದು ಖಾನೆ ಅವಳದು, ಬೀಗದ ಕೈ ಅವಳ ಸೊಂಟದಲ್ಲಿ. ಚಾರ್ಜಿಗೆ ಇಡುವುದಕ್ಕೆ ಅವಳದೇ ಕಟ್ಟುನಿಟ್ಟು: ಪೂರ್ತಿ ಖಾಲಿಯಾಗಲು ಬಿಡಬಾರದು, ಭರ್ತಿಯಾದ ಮೇಲೆ ವೈರಿನಲ್ಲೇ ನೇತಾಡಿಸಬಾರದು, ಬಿಸಿಲಿಗೆ ಇಡಬಾರದು. ಈ ಮಾತುಗಳನ್ನು ಟೀಚರಮ್ಮ ದುಂಡಗಿನ ಅಕ್ಷರದಲ್ಲಿ ರಟ್ಟಿನ ಮೇಲೆ ಬರೆದು ಗೋಡೆಗೆ ಹಾಕಿದ್ದಾರೆ. ಬಲಗೈಯಲ್ಲೇ ಬರೆದದ್ದು, ಎರಡು ದಿನ ಹಿಡಿಯಿತು.

ಹೋದ ತಿಂಗಳು ಒಬ್ಬ ಹೆಂಗಸು ಬಂದರು, ಬಟ್ಟೆ ಹೊಲಿಯುವವರು. ಎಡಗೈ ಪೂರ್ತಿ ಸೋತಿತ್ತು, ಬಲಗೈಯಲ್ಲಿ ಎರಡು ಬೆರಳಿಗೆ ಮಾತ್ರ ಜೀವ. ಕಂಟ್ರೋಲರ್ ನೋಡಿ, "ಇದಕ್ಕೆ ಎರಡು ಕೈ ಬೇಕು. ನನ್ನ ಹತ್ರ ಅರ್ಧ ಕೈ ಇದೆ" ಅಂದು ಮುಖ ತಿರುಗಿಸಿ ಕೂತರು. ದೊಡ್ಡಮ್ಮ ಅವರ ಕಾಲು ನೋಡಿದಳು. ಮಾತಾಡುವಾಗ ಆ ಬಲಗಾಲು ತಾನಾಗಿಯೇ ನೆಲವನ್ನು ತುಳಿಯುತ್ತಿತ್ತು, ಹೊಲಿಗೆ ಮಷೀನ್ ತುಳಿಯುವ ಅದೇ ಲಯದಲ್ಲಿ.

ಮನೆಗೆ ಬಂದವಳೇ ದೊಡ್ಡಪ್ಪನಿಂದ ಒಂದು ಹಲಗೆ ಕೊಯ್ಯಿಸಿದಳು. ಸತ್ತ ಆರನೇ ಮಷೀನಿನ ಕಂಟ್ರೋಲರಿನಿಂದ ಗುಂಡಿ ಕಿತ್ತು ಹಲಗೆಯ ಕೆಳಗೆ ಕೂರಿಸಿದಳು. ಮೊದಲು ಹಾಕಿದ ಸ್ಪ್ರಿಂಗ್ ಗಟ್ಟಿಯಾಯಿತು, ಎರಡನೆಯದು ಮೆತ್ತಗಾಯಿತು, ಮೂರನೆಯದಕ್ಕೆ ದೊಡ್ಡಪ್ಪ ತಮ್ಮ ಹಳೇ ಪೆಟ್ಟಿಗೆಯಿಂದ ನಲ್ಲಿಯ ಸ್ಪ್ರಿಂಗ್ ಹುಡುಕಿ ಕೊಟ್ಟರು. ವೈರು ಕಾಲಿಗೆ ತೊಡರಬಾರದು ಅಂತ ಅದಕ್ಕೂ ವೈರಿಲ್ಲದ ಸಂಪರ್ಕವನ್ನೇ ಇಟ್ಟಳು. ನಾಣ್ಯದಂಥ ಚಿಕ್ಕ ಬ್ಯಾಟರಿ, ತುಳಿದಾಗ ಮಾತ್ರ ಎಚ್ಚರವಾಗುತ್ತದೆ, ಆರು ತಿಂಗಳು ಬರುತ್ತದೆ ಅಂತ ಅವಳ ಲೆಕ್ಕ.

ಆ ಹೆಂಗಸು ಹಲಗೆಯ ಮೇಲೆ ಕಾಲಿಟ್ಟು ಸ್ವಲ್ಪ ಹೊತ್ತು ನೋಡಿದರು. ಬಲಗೈಯ ಎರಡು ಬೆರಳನ್ನು ಮೇಜಿನ ಮೇಲಿದ್ದ ಕಂಟ್ರೋಲರಿನಲ್ಲಿ ಕಾರು ತಿರುಗಿಸುವ ಕಡ್ಡಿಯ ಮೇಲೆ ಇಟ್ಟರು. ಕಾಲು ಅದುಮಿದರು. ಕಾರು ಹೊರಟಿತು.

"ಅಯ್ಯೋ, ಇದು ಗೊತ್ತಿರೋದೇ!" ಅಂದರು.

ಅವತ್ತು ಅವರು ಮೂರು ಸುತ್ತು ಹೊಡೆದರು. ಎರಡು ಸಲ ಕೆರೆಗೆ ಬಿದ್ದರು, ಒಂದು ಸಲ ಬಸ್ ಡ್ರೈವರನ್ನು ದಾಟಿದರು. ದಾಟಿದ್ದನ್ನು ಡ್ರೈವರು ಇನ್ನೂ ಒಪ್ಪಿಲ್ಲ.